ಬಳ್ಳಾರಿ ಬಿಸಿಲಲ್ಲಿ ಏರ್‌ಬ್ರಷ್: ಒಂಬತ್ತು ಸಾವಿರದೊಳಗೆ ಗನ್ನು, ಕಂಪ್ರೆಸರ್ ಎರಡೂ ಆಗುತ್ತಾ?

ಕೋಟೆಬಂಡೆ (ಬಳ್ಳಾರಿ)

ಎಲ್ಲರಿಗೂ ನಮಸ್ಕಾರ. ನಾಲ್ಕು ವರ್ಷದಿಂದ ಪ್ಲಾಸ್ಟಿಕ್ ಮಾಡೆಲ್ ಕಟ್ತಾ ಇದೀನಿ. ಇಲ್ಲಿವರೆಗೂ ಎಲ್ಲಾ ಕುಂಚದಲ್ಲೇ. ಈಗ ಮೇಜಿನ ಮೇಲೆ 1/72 ಅಳತೆಯ ಮಿಗ್-21 ಇದೆ, ಉದ್ದ ಸುಮಾರು ಇಪ್ಪತ್ತು ಸೆಂಟಿಮೀಟರ್, ಒಂದು ಗೇಣು ಅನ್ನಿ. 2025ರ ಸೆಪ್ಟೆಂಬರ್ 26ಕ್ಕೆ ಚಂಡೀಗಢದಲ್ಲಿ ವಾಯುಪಡೆ ಈ ವಿಮಾನಕ್ಕೆ ವಿದಾಯ ಹೇಳಿತಲ್ಲ, ಅದನ್ನ ಟಿವಿಯಲ್ಲಿ ನೋಡಿದ ರಾತ್ರಿಯೇ ಕಿಟ್ ತರಿಸಿದ್ದು. ಹಸಿರು-ಕಂದು ಕ್ಯಾಮೊಫ್ಲಾಜ್ ಹಾಕಬೇಕು ಅಂತ ಆಸೆ.

ಆದರೆ ಹಿಂದಿನ ಮಾಡೆಲ್‌ನಲ್ಲಿ ಏನಾಯ್ತು ಅಂದ್ರೆ, ರೆಕ್ಕೆ ಮೇಲೆ ಮೂರು ಕೋಟ್ ಕುಂಚದಲ್ಲಿ ಹೊಡೆದ ಮೇಲೆ ತಗಡಿನ ಜೋಡಣೆ ತೋರಿಸೋ ಪ್ಯಾನೆಲ್ ಗೆರೆಗಳೆಲ್ಲ ಬಣ್ಣದಲ್ಲಿ ಮುಚ್ಚಿಹೋದವು. ಬಿಸಿಲಿಗೆ ಬಣ್ಣ ಎಳೆಯೋಷ್ಟರಲ್ಲೇ ಒಣಗಿ ಕುಂಚದ ಗೀರು ಹಾಗೇ ನಿಲ್ತು. ಆ ಮಾಡೆಲ್ ಈಗಲೂ ಬೀರುವಿನಲ್ಲಿದೆ, ತೆಗೆದು ನೋಡೋಕೆ ಮನಸ್ಸು ಬರಲ್ಲ. ಅದಕ್ಕೇ ಈ ಸಲ ಏರ್‌ಬ್ರಷ್, ಅಂದ್ರೆ ಗಾಳಿ ಒತ್ತಡದಲ್ಲಿ ಬಣ್ಣ ಸಿಂಪಡಿಸೋ ಪುಟ್ಟ ಗನ್ನು, ಅಂತ ತೀರ್ಮಾನ ಮಾಡಿದೀನಿ.

ಬಜೆಟ್ ಒಂಬತ್ತು ಸಾವಿರ. ಆನ್‌ಲೈನ್‌ನಲ್ಲಿ ಮೂರು ದಾರಿ ಕಾಣ್ತಿದೆ: ಗನ್ನಿಗೇ ಅಂಟಿಕೊಂಡು ಬರೋ ಬ್ಯಾಟರಿ ಕಂಪ್ರೆಸರ್, ಟ್ಯಾಂಕ್ ಇಲ್ಲದ ಚಿಕ್ಕ ಪಿಸ್ಟನ್ ಕಂಪ್ರೆಸರ್, ಟ್ಯಾಂಕ್ ಇರೋದು. ಯಾವುದಕ್ಕೆ ದುಡ್ಡು ಹಾಕಲಿ? ಗನ್ನಿಗೆ ಜಾಸ್ತಿ ಹಾಕಬೇಕಾ, ಕಂಪ್ರೆಸರ್‌ಗಾ? ನಮ್ಮ ಕಡೆ ಬಳಸಿದವರು ಹೇಳಿದ್ರೆ ಒಳ್ಳೇದು. ಚಳಿ ದೇಶದವರ ವಿಡಿಯೋ ನೋಡಿ ನೋಡಿ ಸಾಕಾಗಿದೆ.

ಬಿಸಿಲೂರು (ರಾಯಚೂರು)

ನೋಡ್ರಿ, ಕಂಪ್ರೆಸರ್‌ಗೆ ಹಾಕ್ರಿ. ಗನ್ನು ಆಮ್ಯಾಲ ಬದಲಿ ಮಾಡಬಹುದು. ಕಂಪ್ರೆಸರ್ ಒಮ್ಮೆ ತಪ್ಪಿತಂದ್ರ ದಿನಾ ಅದರ ಜೋಡಿ ಬಡಿದಾಡಬೇಕು.

ನಾ ಮೊದಲ ತಗೊಂಡಿದ್ದು ಟ್ಯಾಂಕ್ ಇಲ್ಲದ್ದು. ಪಿಸ್ಟನ್ ಹೊಡೆದಂಗೆಲ್ಲ ಗಾಳಿ ಡಕ್ ಡಕ್ ಅಂತ ಮಿಡಿತಾ ಬರ್ತದ. ದೊಡ್ಡ ಜಾಗಕ್ಕ ಗೊತ್ತಾಗಂಗಿಲ್ಲ. ಸಣ್ಣ ಗೆರಿ ಎಳಿಯಾಕ ಹೋದ್ರ ಗೆರಿ ಒಳಗ ಮಣಿ ಪೋಣಿಸಿದಂಗ ಚುಕ್ಕಿ ಕಾಣ್ತಾವ. ಅದರ ಮ್ಯಾಲ ಅದಕ್ಕ ಪುರಸೊತ್ತಿಲ್ಲ, ನೀವು ಬಣ್ಣ ಹೊಡೀರಿ ಬಿಡ್ರಿ, ಮೋಟಾರ್ ಓಡತಾನೇ ಇರ್ತದ. ನಮ್ಮ ಮೇ ತಿಂಗಳು ನಿಮಗ ಗೊತ್ತದ. ಖೋಲಿ ಒಳಗ 40 ಡಿಗ್ರಿ ಇರುವಾಗ ಇಪ್ಪತ್ತು ನಿಮಿಷಕ್ಕ ಥರ್ಮಲ್ ಕಟ್ ಆಗಿ ನಿಂತುಬಿಡತಿತ್ತು. ಮುಕ್ಕಾಲು ತಾಸು ಕಾದು, ಆಮ್ಯಾಲ ಮತ್ತ ಶುರು. ಅಷ್ಟರಾಗ ಕಪ್ಪಿನಾಗಿನ ಬಣ್ಣ ಹೆಪ್ಪುಗಟ್ಟಿರ್ತಿತ್ತು.

ಈಗ ಇರೋದು ಎಎಸ್-186 ನಮೂನಿದು. ಎಣ್ಣಿ ಬೇಡದ ಪಿಸ್ಟನ್, ಮೂರು ಲೀಟರ್ ಟ್ಯಾಂಕು. ಗಾಳಿ ಒತ್ತಡ 4 ಬಾರ್ ಮುಟ್ಟಿದ ಕೂಡಲೇ ತಾನೇ ಬಂದ್ ಆಗ್ತದ, 3ಕ್ಕ ಇಳಿದ್ರ ಮತ್ತ ಚಾಲೂ. ನಿಮಿಷಕ್ಕ ಇಪ್ಪತ್ತು ಲೀಟರ್ ಮ್ಯಾಲ ಗಾಳಿ ಕೊಡ್ತದ, 0.3 ಮಿಲಿಮೀಟರ್ ತೂತಿನ ಗನ್ನಿಗೆ ಅದರ ಅರ್ಧ ಸಾಕು. ನಡುವ ಮೋಟಾರ್ ಉಸಿರಾಡ್ತದ, ಅದೇ ಮುಖ್ಯ. ಗಾಳಿ ಟ್ಯಾಂಕಿನಾಗ ತಣ್ಣಗಾಗಿ ನೀರು ಅಲ್ಲೇ ಇಳಿತದ, ಮಿಡಿತನೂ ಟ್ಯಾಂಕೇ ನುಂಗ್ತದ. ರೆಗ್ಯುಲೇಟರ್, ನೀರಿನ ಬಟ್ಟಲು ಜೋಡಿಗೇ ಬರ್ತಾವ. ನಾ ಕೊಟ್ಟಿದ್ದು ಏಳು ಸಾವಿರದ ಇನ್ನೂರು. ಮೂರನೇ ಬ್ಯಾಸಿಗಿ ನಡದದ, ಇನ್ನೂ ಏನೂ ಆಗಿಲ್ಲ. ಫ್ಯಾನಿನ ಗಾಳಿ ಕಂಪ್ರೆಸರ್‌ಗೆ ತಾಗೋಹಂಗ ಇಡ್ರಿ, ಮಾಡೆಲ್‌ಗೆ ತಾಗಬಾರದು.

ಕೋಟೆಬಂಡೆ (ಬಳ್ಳಾರಿ)

ಅಂದ್ರೆ ಗನ್ನಿಗೆ ಸಾವಿರದ ಎಂಟುನೂರು ಉಳಿಯುತ್ತೆ. ಅಷ್ಟಕ್ಕೆ ಬರೋದು ಕೆಲಸಕ್ಕೆ ಬರುತ್ತಾ? ಬ್ಯಾಟರಿದು ನಾಲ್ಕು ಸಾವಿರದೊಳಗೆ ಎಲ್ಲಾ ಸೇರಿ ಸಿಗುತ್ತೆ, ಕರೆಂಟ್ ಹೋದ್ರೂ ನಡೆಯುತ್ತೆ. ಅದಕ್ಕೇ ಮನಸ್ಸು ಆ ಕಡೆ ಎಳೀತಿದೆ.

ನೀಲಿದಾರ (ಬಳ್ಳಾರಿ)

ಬ್ಯಾಟರಿದು ಬೇಡ ಅಣ್ಣ. ನನ್ನ ತಂಗಿ ಕೇಕ್ ಮೇಲೆ ಬಣ್ಣ ಹೊಡೆಯೋಕೆ ಅದನ್ನೇ ಬಳಸ್ತಾಳೆ, ಅವಳ ಕೆಲಸಕ್ಕೆ ಚೆನ್ನಾಗಿದೆ. ಆದರೆ ಒತ್ತಡವನ್ನ ನಿಮಗೆ ಬೇಕಾದಲ್ಲಿಗೆ ತರೋಕಾಗಲ್ಲ, ಎರಡೋ ಮೂರೋ ಹಂತ ಇರುತ್ತೆ ಅಷ್ಟೇ. 1/72ಕ್ಕೆ 15 ಪಿಎಸ್‌ಐ ಬೇಕಾ, 12 ಬೇಕಾ ಅನ್ನೋದು ನಿಮ್ಮ ಕೈಯಲ್ಲಿರಬೇಕು. ಕೈಯಲ್ಲಿ ಭಾರ ಬೇರೆ.

ನಾನು ಜೀನ್ಸ್ ವಾಷಿಂಗ್ ಯೂನಿಟ್‌ನಲ್ಲಿ ಕೆಲಸ ಮಾಡ್ತೀನಿ. ಪ್ಯಾಂಟಿನ ತೊಡೆ ಭಾಗ ಮಸುಕಾಗಲಿ ಅಂತ ಪರ್ಮಾಂಗನೇಟ್ ಹೊಡೀತೀವಲ್ಲ, ಆ ಸ್ಪ್ರೇ ಗನ್ ಹಿಡಿದೇ ಎಂಟು ವರ್ಷ ಆಯ್ತು. ಅದರಿಂದ ಒಂದು ಮಾತು ಹೇಳ್ತೀನಿ: ಗಾಳಿ ಸರಿ ಇದ್ರೆ ಸಾಧಾರಣ ಗನ್ನೂ ಮಾತು ಕೇಳುತ್ತೆ. ಗಾಳಿ ಸರಿ ಇಲ್ಲದಿದ್ರೆ ಎಂಥ ಗನ್ ಕೊಟ್ರೂ ಉಗುಳುತ್ತೆ.

ಇನ್ನೊಂದು ದಾರಿ ಇದೆ. ಗ್ಯಾರೇಜಿನವರು ಇಟ್ಕೊಳ್ಳೋ 24 ಲೀಟರ್ ಕಂಪ್ರೆಸರ್, ಇಲ್ಲೇ ಅಂಗಡಿಯಲ್ಲಿ ಕೈಯಿಂದ ಮುಟ್ಟಿ ನೋಡಿ ತರಬಹುದು. ಒಂದ್ಸಲ ತುಂಬಿದ್ರೆ ಎಷ್ಟೋ ಹೊತ್ತು ಮೋಟಾರ್ ತಂಟೆ ಇಲ್ಲ, ಕರೆಂಟ್ ಹೋದ್ರೂ ಟ್ಯಾಂಕಿನ ಗಾಳಿಯಲ್ಲಿ ಕೈಗೆತ್ತಿಕೊಂಡ ಕೋಟ್ ಮುಗಿಸಬಹುದು. ಶಬ್ದ ಮಾತ್ರ ಭಯಂಕರ. ಓಣಿಯಲ್ಲಿ ಬೆಳಿಗ್ಗೆ ಐದೂವರೆಗೆ ಚಾಲೂ ಮಾಡಿದ್ರೆ ಪಕ್ಕದ ಮನೆಯವರು ಬಂದು ನಿಲ್ತಾರೆ. ಕೆಳಗೆ ಅಂಗಡಿ, ಮೇಲೆ ಮಾಳಿಗೆ ಇರೋ ಮನೆ ಆದ್ರೆ ಕಂಪ್ರೆಸರ್ ಕೆಳಗಿಟ್ಟು ಪೈಪ್ ಮೇಲಕ್ಕೆ ತಗೊಂಡ್ರೆ ಆಯ್ತು.

ಬೂದಿಗುಡ್ಡ (ಶಕ್ತಿನಗರ, ರಾಯಚೂರು)

ಇಷ್ಟೆಲ್ಲ ಖರ್ಚು ಯಾಕ್ರಿ? ಹಳೇ ಫ್ರಿಜ್ಜಿನ ಕಂಪ್ರೆಸರ್ ಗುಜರಿಯಾಗ ಎಂಟುನೂರಕ್ಕ ಸಿಗತದ. ಸದ್ದೇ ಇಲ್ಲ. ನಾ ಒಂದು ಮಾಡೀನಿ, ಟ್ಯಾಂಕಿಗೆ ನಾಲ್ಕಿಂಚು ಪಿವಿಸಿ ಪೈಪಿಗೆ ಎರಡೂ ಕಡೆ ಮುಚ್ಚಳ ಅಂಟಿಸೀನಿ. ಒಂದು ವರ್ಷ ಆತು, ಚೊಲೋ ನಡದದ.

ಹಳಿಬದಿ (ತೋರಣಗಲ್ಲು)

ಬೂದಿಗುಡ್ಡ ಅವರೇ, ಕೈಮುಗಿದು ಕೇಳ್ತೀನಿ, ಆ ಪಿವಿಸಿ ಟ್ಯಾಂಕನ್ನ ಇವತ್ತೇ ಬಿಚ್ಚಿ. ಪಿವಿಸಿ ನೀರಿನ ಒತ್ತಡ ತಡೆಯುತ್ತೆ. ಒಳಗೆ ಒತ್ತಿ ತುಂಬಿದ ಗಾಳಿಯ ಕತೆ ಬೇರೆ. ನೀರು ಹಿಗ್ಗಲ್ಲ, ಗಾಳಿ ಹಿಗ್ಗುತ್ತೆ. ಬಿಸಿಲಿಗೆ ಪ್ಲಾಸ್ಟಿಕ್ ಪೆಡಸಾಗಿ ಒಂದು ದಿನ ಒಡೆದ್ರೆ ಕಬ್ಬಿಣದ ಟ್ಯಾಂಕಿನ ಹಾಗೆ ಸೀಳು ಬಿಟ್ಟು ಸುಮ್ಮನಾಗಲ್ಲ, ಚೂರುಚೂರಾಗಿ ಸಿಡಿಯುತ್ತೆ. ಅದರ ಪಕ್ಕದಲ್ಲಿ ಮುಖ ಬಗ್ಗಿಸಿ ಕೂತಿರ್ತೀವಿ ನಾವು.

ಫ್ರಿಜ್ ಕಂಪ್ರೆಸರ್ ಶಾಂತವಾಗಿರುತ್ತೆ, ಒಪ್ಪುತ್ತೇನೆ. ಆದರೆ ಅದರೊಳಗೆ ಎಣ್ಣೆ ತುಂಬಿರುತ್ತೆ, ಗಾಳಿ ಜೊತೆ ಸ್ವಲ್ಪ ಸ್ವಲ್ಪ ಹೊರಗೆ ಬರುತ್ತೆ. ಒಂದೇ ಹನಿ ಎಣ್ಣೆ ರೆಕ್ಕೆ ಮೇಲೆ ಬಿದ್ರೆ ಬಣ್ಣ ಮೀನಿನ ಕಣ್ಣಿನ ಹಾಗೆ ದುಂಡಗೆ ಸರಿದು ಪ್ಲಾಸ್ಟಿಕ್ ಕಾಣುತ್ತೆ. ಆಮೇಲೆ ಹೊಸ ಫ್ರಿಜ್‌ಗಳಲ್ಲಿ ಆರ್-600ಎ ಅನ್ನೋ ಗ್ಯಾಸ್ ಇರುತ್ತೆ. ಅದು ಐಸೊಬ್ಯುಟೇನ್, ಅಡುಗೆ ಗ್ಯಾಸಿನ ಬಳಗದ್ದೇ, ಹೊತ್ತಿಕೊಳ್ಳುತ್ತೆ. ಗೊತ್ತಿಲ್ಲದೆ ಗ್ಯಾಸ್ ಕಟರ್ ಹಿಡಿದು ಪೈಪ್ ಕತ್ತರಿಸೋಕೆ ಹೋಗಬೇಡಿ ಯಾರೂ. ಸರಿಯಾದ ಉಕ್ಕಿನ ಟ್ಯಾಂಕು, ಪ್ರೆಶರ್ ಸ್ವಿಚ್, ಸೇಫ್ಟಿ ವಾಲ್ವ್, ಎಣ್ಣೆ ಫಿಲ್ಟರ್ ಎಲ್ಲಾ ಹಾಕಿದ್ರೆ ಖರ್ಚು ಐದು ಸಾವಿರ ದಾಟುತ್ತೆ. ಉಳಿತಾಯ ಎಲ್ಲಿ ಬಂತು?

ಗನ್ನಿನ ವಿಷಯಕ್ಕೆ ಬರ್ತೀನಿ. ನಾನು ಎಚ್‌ಒ ಅಳತೆಯ ರೈಲು ಮಾಡ್ತೀನಿ, ಅಂದ್ರೆ 1/87. ಡ್ಯುಯಲ್ ಆ್ಯಕ್ಷನ್, ಮೇಲೆ ಕಪ್ ಇರೋದು, 0.3 ಮಿಲಿಮೀಟರ್ ನಾಝಲ್ (ಬಣ್ಣ ಹೊರಬರೋ ತುದಿ). ಮೊದಲ ಗನ್ನಿಗೆ ಇದಿಷ್ಟೇ ನೋಡಿ. ಗುಂಡಿ ಒತ್ತಿದ್ರೆ ಗಾಳಿ, ಹಿಂದಕ್ಕೆ ಎಳೆದ್ರೆ ಬಣ್ಣ. ಗಾಳಿ, ಬಣ್ಣ ಎರಡೂ ಒಟ್ಟಿಗೇ ಬರೋ ಸಿಂಗಲ್ ಆ್ಯಕ್ಷನ್ ಮೂರು ದಿನ ಸುಲಭ ಅನ್ನಿಸುತ್ತೆ, ನಾಲ್ಕನೇ ದಿನ ಕೈ ಕಟ್ಟಿಹಾಕಿದ ಹಾಗಿರುತ್ತೆ. ಬಾಟಲಿ ಕೆಳಗೆ ತೂಗೋ ಸೈಫನ್ ಗನ್ನಿಗೆ ಗಾಳಿ ಜಾಸ್ತಿ ಬೇಕು, ನಾಲ್ಕು ಹನಿ ಬಣ್ಣಕ್ಕೆ ಅದು ಒಗ್ಗಲ್ಲ.

130, 180 ಅಂತ ನಂಬರ್ ಹಾಕಿಕೊಂಡು ಬರೋ ಚೀನಾ ಗನ್ನುಗಳು ಸಾವಿರದಿಂದ ಎರಡು ಸಾವಿರದೊಳಗೆ ಸಿಗ್ತವೆ. ಅವು ಜಪಾನಿನ ಇವಾಟಾ ನಮೂನೆ ನೋಡಿ ಮಾಡಿದವು. ಹತ್ತು ತಂದ್ರೆ ಹತ್ತೂ ಒಂದೇ ಥರ ಇರಲ್ಲ, ಅದೇ ಅವುಗಳ ಕೊರತೆ. ನನಗೆ ಬಂದ ಮೊದಲನೆಯದರಲ್ಲಿ ಬಣ್ಣದ ದಾರಿ ಮುಚ್ಚಿ ತೆರೆಯೋ ಸೂಜಿ ಬಾಗಿತ್ತು, ಮಾರಿದವನು ಫೋನೇ ಎತ್ತಲಿಲ್ಲ. ಎರಡನೆಯದು ಐದು ವರ್ಷದಿಂದ ದುಡೀತಿದೆ. ಇವಾಟಾ ನಿಯೋ (0.35), ಜಿಎಸ್‌ಐ ಕ್ರಿಯೋಸ್ ಪ್ರೋಕಾನ್ ಬಾಯ್ 0.3, ಬ್ಯಾಜರ್ ಪೇಟ್ರಿಯಟ್ 105 ಇವೆಲ್ಲ ಕೈಗೆ ಬಂದ ದಿನದಿಂದಲೇ ನಂಬಿಕೆಯವು. ದುಡ್ಡು ಕೂಡಿದಾಗ ಅತ್ತ ಹೋಗಿ. ಒಂದು ನೆನಪಿಡಿ, ಬ್ಯಾಜರ್‌ಗೆ ಅದರದೇ ತಿರುಪು, ಉಳಿದ ಬಹುಪಾಲು ಗನ್ನಿಗೆ 1/8 ಇಂಚಿನ ಬಿಎಸ್‌ಪಿ ಅನ್ನೋ ಪೈಪ್ ತಿರುಪು. ಗ್ಯಾರೇಜ್ ಕಂಪ್ರೆಸರ್ ಕಡೆ 1/4 ಇರುತ್ತೆ. 1/4ರಿಂದ 1/8ಕ್ಕೆ ಹಿತ್ತಾಳೆ ಅಡಾಪ್ಟರ್, ಟೆಫ್ಲಾನ್ ಟೇಪ್ ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತೆ.

ಗನ್ನಿನ ಜೊತೆಗೇ ಎರಡು ನಾಝಲ್ ಹೆಚ್ಚಿಗೆ ತರಿಸಿ. ಯಾಕಂದ್ರೆ ಆ ನಾಝಲ್ ಅನ್ನೋದು ಜೀರಿಗೆ ಕಾಳಿನಷ್ಟಿರುತ್ತೆ, ಅದಕ್ಕೆ ಕೂದಲಿನಂಥ ತಿರುಪು. ಸ್ಪ್ಯಾನರ್‌ನಲ್ಲಿ ಬೆರಳ ತುದಿಯ ಬಲ ಒಂದಿಷ್ಟು ಹೆಚ್ಚಾದ್ರೆ ತಿರುಪಿನ ಹತ್ತಿರವೇ ಮುರಿದು ಅರ್ಧ ಒಳಗೇ ಉಳಿಯುತ್ತೆ. ಗ್ರಾನೈಟ್ ನೆಲದ ಮೇಲೆ ಬಿದ್ರಂತೂ ದೇವರೇ ಹುಡುಕಿಕೊಡಬೇಕು. ಬಿಚ್ಚೋವಾಗ ಕೆಳಗೆ ಬಿಳಿ ಟವೆಲ್ ಹಾಸಿಕೊಳ್ಳಿ.

ಪೊಳಕಿ (ಕೊಪ್ಪಳ)

ನಾನು ಏರ್‌ಬ್ರಷ್ ಬಳಸೋನಲ್ಲ, ಆದರೂ ಒಂದು ಮಾತು. ನಮ್ಮೂರಿಂದ ಕಿನ್ನಾಳ ಹತ್ತಿರ. ಅಲ್ಲಿ ಚಿತ್ರಗಾರರ ಮನೆಯಲ್ಲಿ ಗೊಂಬೆ ಮಾಡೋದನ್ನ ಗಂಟೆಗಟ್ಟಲೆ ಕೂತು ನೋಡಿದೀನಿ. ಹಗುರ ಮರದ ತುಂಡುಗಳನ್ನ ಜೋಡಿಸಿ, ಸಂದಿಗೆಲ್ಲ ಕಿಟ್ಟ ಮೆತ್ತುತ್ತಾರೆ. ಗೋಣಿನಾರಿನ ಪುಡಿಯನ್ನ ಹುಣಸೆ ಬೀಜದ ಅಂಟಿನಲ್ಲಿ ಕಲಸಿದ್ದು ಅದು. ಅದು ಒಣಗಿ, ಉಜ್ಜಿ, ನುಣುಪಾಗೋವರೆಗೂ ಬಣ್ಣದ ಬಟ್ಟಲು ಹತ್ತಿರ ಬರಲ್ಲ. ಕುಂಚ ಹಿಡಿದರೆ ಮಾತ್ರ ಕಣ್ಣು, ಹುಬ್ಬು ಒಂದೇ ಎಳೆತಕ್ಕೆ.

ನೀವು ಹೇಳಿದ ಕುಂಚದ ಗೀರು ಕುಂಚದ ತಪ್ಪೇ ಅಂತ ನನಗನ್ನಿಸಲ್ಲ. ಬಣ್ಣ ಗಟ್ಟಿ ಇತ್ತು, ಕೆಳಗಿನ ಮೈ ತಯಾರಾಗಿರಲಿಲ್ಲ ಅನ್ನಿಸುತ್ತೆ. ಗನ್ ಬಂದರೆ ಅದು ಇನ್ನೂ ಎದ್ದು ಕಾಣುತ್ತೆ. ತೆಳು ಬಣ್ಣ ಸಂದಿಯನ್ನ ಮುಚ್ಚಲ್ಲ, ತೋರಿಸುತ್ತೆ. ಮೊದಲು ಪುಟ್ಟಿ, ನೀರು ಹಚ್ಚಿ ಉಜ್ಜೋ ಸಾವಿರ ನಂಬರಿನ ಕಾಗದ, ಸೋಪಿನ ನೀರಲ್ಲಿ ತೊಳೆಯೋದು. ಗನ್ ಪ್ರೈಮರ್, ಮೂಲ ಬಣ್ಣ, ಕೊನೆಯ ವಾರ್ನಿಷ್ ಈ ಮೂರಕ್ಕಿರಲಿ. ಕಾಕ್‌ಪಿಟ್, ಟೈರು, ಪೈಲಟ್ಟಿನ ಮುಖ ಕುಂಚಕ್ಕೇ ಬಿಡಿ.

ಕೋಟೆಬಂಡೆ (ಬಳ್ಳಾರಿ)

ಪೊಳಕಿ ಅವರೇ, ನೀವು ಹೇಳಿದ್ದು ನಿಜ. ಹಿಂದಿನದರಲ್ಲಿ ಪ್ರೈಮರ್ ಹಾಕಿರಲೇ ಇಲ್ಲ. ಆದರೆ ಕ್ಯಾಮೊಫ್ಲಾಜ್‌ನ ಅಂಚು ಮೆತ್ತಗೆ ಬೆರೆಯೋದು ಕುಂಚದಲ್ಲಿ ನನ್ನ ಕೈಲಿ ಆಗ್ತಿಲ್ಲ.

ಹಳಿಬದಿ (ತೋರಣಗಲ್ಲು)

ಅದಕ್ಕೊಂದು ಲೆಕ್ಕ ಇದೆ. ನಿಜವಾದ ವಿಮಾನದಲ್ಲಿ ಹಸಿರು ಕಂದಿಗೆ ಬೆರೆಯೋ ಪಟ್ಟಿ ಐದು ಸೆಂಟಿಮೀಟರ್ ಅಂತ ಇಟ್ಕೊಳ್ಳಿ. 72ರಿಂದ ಭಾಗಿಸಿದ್ರೆ ಮುಕ್ಕಾಲು ಮಿಲಿಮೀಟರ್ ಕೂಡ ಬರಲ್ಲ. ಅಷ್ಟು ಸಣ್ಣ ಮಸುಕಿಗೆ 0.5 ನಾಝಲ್ ಒರಟು. 0.3ರಲ್ಲಿ 12-15 ಪಿಎಸ್‌ಐ ಇಟ್ಟು, ಒಂದು ಬೆರಳು ದೂರದಿಂದ, ಸೂಜಿಯನ್ನ ಎಳೆದೆನೋ ಇಲ್ಲವೋ ಅನ್ನೋಷ್ಟೇ ಎಳೆದ್ರೆ ಹತ್ತಿರ ಹತ್ತಿರ ಬರುತ್ತೆ. 0.2ಕ್ಕೆ ಆಸೆಪಡಬೇಡಿ, ನಮ್ಮ ಸೆಕೆಗೆ ಅದು ನಿಮಿಷಕ್ಕೊಮ್ಮೆ ಕಟ್ಟಿಕೊಳ್ಳುತ್ತೆ.

ಒತ್ತಡ ನೋಡೋವಾಗ ಗುಂಡಿ ಒತ್ತಿ ಗಾಳಿ ಹರೀತಿರಬೇಕಾದ್ರೆ ಮೀಟರ್ ನೋಡಿ. ಸುಮ್ಮನಿದ್ದಾಗ 20 ತೋರಿಸೋದು ಒತ್ತಿದ ತಕ್ಷಣ 15ಕ್ಕೆ ಇಳಿಯುತ್ತೆ. ಎಷ್ಟೋ ಜನ ಇಲ್ಲೇ ಎಡವೋದು.

ಬಿಸಿಲೂರು (ರಾಯಚೂರು)

ಸೆಕಿ ಮಾತು ಬಂತಲ್ಲ, ಹೇಳಿಬಿಡ್ತೀನಿ. ನಮ್ಮ ಕಡೆ ಗನ್ನಿಗಿಂತ ದೊಡ್ಡ ವೈರಿ ಬಿಸಿಲು. ಬಣ್ಣ ನಾಝಲ್ ಬಿಟ್ಟು ಮಾಡೆಲ್ ಮುಟ್ಟೋದ್ರಾಗ ಗಾಳ್ಯಾಗೇ ಒಣಗ್ತದ. ಮೈ ಮ್ಯಾಲ ಕೈ ಆಡಿಸಿದ್ರ ಉಸುಕಿನ ಕಾಗದದಂಗ ಜರಜರ ಅಂತದ. ಸೂಜಿ ತುದಿಗೆ ಬಣ್ಣ ಗಂಟು ಕಟ್ಟತದ, ಆಮ್ಯಾಲ ಒಮ್ಮಿಗೇ ಪಚ್ ಅಂತ ಉಗುಳತದ.

ನಾ ಮಾಡೋದು ಹಿಂಗ. ಮುಂಜಾನೆ ಎಂಟರೊಳಗ ಕೆಲಸ ಮುಗಸ್ತೀನಿ. ವ್ಯಾಲೆಹೋ ಕಂಪನಿದಂಥ ನೀರಿನ ಬಣ್ಣಕ್ಕ ಹತ್ತು ಹನಿಗೆ ಒಂದೆರಡು ಹನಿ ರಿಟಾರ್ಡರ್ (ಬಣ್ಣ ಆರೋದು ತಡ ಮಾಡೋದು) ಹಾಕ್ತೀನಿ. ಟಾಮಿಯಾದ ಎಕ್ಸ್‌ಎಫ್ ಬಣ್ಣಕ್ಕ ಅವರದೇ ತಿನ್ನರ್, ಬಣ್ಣ ಒಂದು ಪಾಲು, ತಿನ್ನರ್ ಒಂದೂವರಿ ಪಾಲು. ಬರೇ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದ್ರ ಇನ್ನೂ ಲಗೂ ಆರತದ, ಬ್ಯಾಸಿಗ್ಯಾಗ ಅದು ಬ್ಯಾಡ. ತಿಳಿಮಜ್ಜಿಗಿ ಲೋಟದ ಗೋಡಿ ಹಿಡಕೊಂಡು ಹ್ಯಾಂಗ ಇಳೀತದ, ಬಣ್ಣ ಕಪ್ಪಿನ ಗೋಡಿ ಮ್ಯಾಲ ಹಂಗ ಇಳೀಬೇಕು. ಐದು ನಿಮಿಷಕ್ಕೊಮ್ಮೆ ತಿನ್ನರ್ ಹಚ್ಚಿದ ಹತ್ತಿಕಡ್ಡಿಯಿಂದ ಸೂಜಿ ತುದಿ ಒರಸ್ರಿ.

ಬೋರಿನ ನೀರು ಗನ್ನಿಗೆ ಹಾಕಬ್ಯಾಡ್ರಿ. ನಮ್ಮ ಬೋರಿನಾಗ ಸುಣ್ಣ ಭಾಳ, ಕೊಡದ ತಳಕ್ಕ ಬೆಳ್ಳಗ ಕೂಡೋದು ನಾಝಲ್‌ನಾಗೂ ಕೂಡತದ. ಬ್ಯಾಟರಿಗೆ ಹಾಕೋ ನೀರು ತಂದಿಡ್ರಿ.

ನೀಲಿದಾರ (ಬಳ್ಳಾರಿ)

ಎಲ್ಲರೂ ಗನ್ನಿನ ಬಗ್ಗೆ ಹೇಳಿದ್ರಿ, ಶ್ವಾಸಕೋಶದ ಬಗ್ಗೆ ಯಾರೂ ಹೇಳ್ಲಿಲ್ಲ. ನಾನು ಯೂನಿಟ್‌ನಲ್ಲಿ ಮೊದಲ ಎರಡು ವರ್ಷ ಕರ್ಚೀಫ್ ಕಟ್ಕೊಂಡು ಕೆಲಸ ಮಾಡಿದೋನು. ರಾತ್ರಿ ಕೆಮ್ಮು ನಿಲ್ತಾ ಇರ್ಲಿಲ್ಲ. ದಯವಿಟ್ಟು ಬಜೆಟ್‌ನಲ್ಲಿ ಮಾಸ್ಕ್ ಸೇರಿಸಿ, ಬೇಕಾದ್ರೆ ಗನ್ ಒಂದು ತಿಂಗಳು ತಡ ಆಗಲಿ. ನೀರಿನ ಬಣ್ಣದ ಹನಿಯನ್ನ ಎನ್95 ತಡೆಯುತ್ತೆ. ಲ್ಯಾಕರ್ ತಿನ್ನರ್‌ನ ಆವಿಯನ್ನ ತಡೆಯಲ್ಲ, ಅದಕ್ಕೆ ಇದ್ದಿಲು ಕಾರ್ಟ್ರಿಡ್ಜ್ ಇರೋ ಆರ್ಗ್ಯಾನಿಕ್ ವೇಪರ್ ಮಾಸ್ಕೇ ಬೇಕು. ಕಿಟಕಿಗೆ ಎಕ್ಸಾಸ್ಟ್ ಫ್ಯಾನ್ ಹಾಕಿ, ಅದರ ಮುಂದೆ ರಟ್ಟಿನ ಡಬ್ಬ ಇಟ್ಟು ಒಳಗೇ ಹೊಡೀರಿ. ಅಡುಗೆಮನೆ ಪಕ್ಕ ಮಾತ್ರ ಬೇಡ, ತಿನ್ನರ್ ಆವಿಗೆ ಒಲೆ ಉರಿ ಸಾಕು.

ಬೂದಿಗುಡ್ಡ (ಶಕ್ತಿನಗರ, ರಾಯಚೂರು)

ಹಳಿಬದಿ ಅವರ ಮಾತು ಓದಿ ಪೈಪ್ ಬಿಚ್ಚಿದೆ. ಮುಚ್ಚಳದ ಅಂಚಿನಾಗ ಕೂದಲೆಳೆ ಬಿರುಕು ಇತ್ತು. ಮಗಳು ಅದರ ಪಕ್ಕಾನೇ ಕೂತು ಓದ್ತಿದ್ಲು ದಿನಾ. ಹೇಳಿದ್ದು ಪುಣ್ಯ ಆತ್ರಿ.

ಕೋಟೆಬಂಡೆ (ಬಳ್ಳಾರಿ), ಮೂರು ವಾರದ ನಂತರ

ತಗೊಂಡೆ. ಟ್ಯಾಂಕ್ ಇರೋ ಕಂಪ್ರೆಸರ್ 7,400, 0.3 ಗನ್ನು 1,350, ಎರಡು ನಾಝಲ್ ಮುನ್ನೂರು, ಮಾಸ್ಕ್ 1,700. ಒಟ್ಟು ಹತ್ತು ಸಾವಿರದ ಏಳುನೂರೈವತ್ತು. ಬಜೆಟ್ ಮೀರಿತು, ಹಬ್ಬದ ಬಟ್ಟೆ ಬಿಟ್ಟೆ.

ಮೊದಲ ವಾರ ಬಣ್ಣ ಮುಟ್ಟಲೇ ಇಲ್ಲ. ನೀರಿಗೆ ಶಾಯಿ ಬೆರೆಸಿ ಹಳೇ ಪೇಪರ್ ಮೇಲೆ ಅಮ್ಮನ ರಂಗೋಲಿ ಹಾಗೆ ಚುಕ್ಕಿ ಇಟ್ಟು, ಚುಕ್ಕಿಗೆ ಚುಕ್ಕಿ ಗೆರೆ ಸೇರಿಸ್ತಾ ಹೋದೆ. ಮೊದಲು ಜೇಡರ ಹುಳದ ಕಾಲಿನ ಹಾಗೆ ಶಾಯಿ ನಾಲ್ಕೂ ಕಡೆ ಚೆದುರ್ತಿತ್ತು. ಒತ್ತಡ ಇಳಿಸಿ, ಕೈ ಸ್ವಲ್ಪ ಹಿಂದಕ್ಕೆ ತಗೊಂಡ ಮೇಲೆ ನಿಂತಿತು. ಪ್ರೈಮರ್ ಚೆನ್ನಾಗೇ ಕೂತಿತು.

ಆದರೆ ನಿನ್ನೆಯಿಂದ ಒಂದು ತೊಂದರೆ. ಗುಂಡಿ ಒತ್ತಿದ್ರೆ ಕಪ್ಪಿನಲ್ಲಿ ಬಣ್ಣ ಕುದಿಯೋ ಅನ್ನದ ಹಾಗೆ ಗುಳುಗುಳು ಅಂತ ಗುಳ್ಳೆ ಏಳ್ತಿದೆ. ಮುಂದೆ ಬಣ್ಣ ಬಿಟ್ಟು ಬಿಟ್ಟು ಬರುತ್ತೆ. ಎರಡು ಸಲ ತೊಳೆದೆ, ಹೋಗ್ಲಿಲ್ಲ. ಕಂಪ್ರೆಸರ್ ಕೆಟ್ಟಿದೆಯಾ?

ಹಳಿಬದಿ (ತೋರಣಗಲ್ಲು)

ಕಂಪ್ರೆಸರ್ ಅಲ್ಲ. ಗುಳ್ಳೆ ಅಂದ್ರೆ ಮುಂದೆ ಹೋಗಬೇಕಾದ ಗಾಳಿ ಬಣ್ಣದ ದಾರಿಯಲ್ಲಿ ಹಿಂದಕ್ಕೆ ನುಗ್ಗುತ್ತಿದೆ. ನಾಝಲ್ ಸರಿಯಾಗಿ ಕೂತಿಲ್ಲ, ಇಲ್ಲಾ ಸೀಳಿದೆ. ಸೂಜಿಯನ್ನ ಮೊದಲು ಹಿಂದಕ್ಕೆ ಎಳೆದುಕೊಳ್ಳಿ, ಆಮೇಲೆ ಮುಂದಿನ ಟೋಪಿ ಬಿಚ್ಚಿ, ನಾಝಲ್ ತೆಗೆದು ಭೂತಗನ್ನಡಿಯಲ್ಲಿ ತುದಿ ನೋಡಿ. ದುಂಡಗಿದ್ರೆ ತಿರುಪಿಗೆ ಸಾಸಿವೆಯಷ್ಟು ಜೇನುಮೇಣ ಸವರಿ ಬೆರಳಲ್ಲಿ ಬಿಗಿ ಮಾಡಿ. ತುದಿ ಕಹಳೆ ಬಾಯಿ ಹಾಗೆ ಅಗಲ ಆಗಿದ್ರೆ ಅಥವಾ ಗೆರೆ ಕಂಡ್ರೆ ಅದು ಮುಗೀತು.

ತೊಳೆದ ಮೇಲೆ ಸೂಜಿ ವಾಪಸ್ ಹಾಕೋವಾಗ ಒತ್ತಿ ತಳ್ಳಿದ್ರಾ?

ಕೋಟೆಬಂಡೆ (ಬಳ್ಳಾರಿ)

ಹೌದು, ತಳ್ಳಿದ್ದೆ. ಗಟ್ಟಿಯಾಗಿ ಕೂತ್ಕೊಳ್ಳಲಿ ಅಂತ. ಭೂತಗನ್ನಡಿಯಲ್ಲಿ ನೋಡಿದೆ, ತುದಿಯಿಂದ ಒಂದು ಸಣ್ಣ ಸೀಳು. ಬರಿಗಣ್ಣಿಗೆ ಕಾಣೋದೇ ಇಲ್ಲ. ಹೊಸ ನಾಝಲ್ ಹಾಕಿ, ಸೂಜಿಯನ್ನ ತಾಗಿದೆ ಅನ್ನೋವಷ್ಟಕ್ಕೇ ನಿಲ್ಲಿಸಿದೆ. ಗುಳ್ಳೆ ಹೋಯ್ತು.

ಇವತ್ತು ಬೆಳಿಗ್ಗೆ ಐದೂಮುಕ್ಕಾಲಕ್ಕೆ ಕೂತು ಕಂದಿನ ಮೇಲೆ ಹಸಿರು ಹೊಡೆದೆ. 15 ಪಿಎಸ್‌ಐ, ಟಾಮಿಯಾ ಬಣ್ಣ, ರಾಯಚೂರಿನವರು ಹೇಳಿದ ಅಳತೆ. ಅಂಚು ಮೊದಲು ಎಳೆದು ಆಮೇಲೆ ಒಳಗೆ ತುಂಬಿದೆ. ಎಡ ರೆಕ್ಕೆಯಲ್ಲಿ ಹಸಿರು ಕಂದಿಗೆ ಬೆರೆಯೋ ಜಾಗ ಪೆನ್ಸಿಲ್ ಸೀಸದಷ್ಟು ಸಣ್ಣಗೆ ಬಂತು. ಪ್ಯಾನೆಲ್ ಗೆರೆ ಒಂದೂ ಮುಚ್ಚಿಲ್ಲ. ಬಾಲದ ಹತ್ತಿರ ಎರಡು ಕಡೆ ಧೂಳು ಕೂತಿದೆ, ನಮ್ಮೂರ ಕೆಂಪು ಧೂಳೇ. ಒಣಗಿದ ಮೇಲೆ ಎರಡು ಸಾವಿರ ನಂಬರಿನ ಕಾಗದದಲ್ಲಿ ಮೆಲ್ಲಗೆ ಸವರಿ ಮತ್ತೊಂದು ತೆಳು ಕೋಟ್ ಕೊಡ್ತೀನಿ.

ಹಳಿಬದಿ ಅವರೇ, ನಿಮ್ಮ ಬಾಕ್ಸ್‌ಎನ್ ಅನ್ನೋ ತೆರೆದ ಗೂಡ್ಸ್ ವ್ಯಾಗನ್ನಿಗೆ ಸಂಡೂರಿನ ಅದಿರಿನ ಧೂಳನ್ನೇ ಬಳಸ್ತೀರಂತೆ. ಅದನ್ನ ತಿನ್ನರ್‌ನಲ್ಲಿ ಕಲಸಿ ಗನ್ನಲ್ಲಿ ಹೊಡೀಬಹುದಾ?

ಹಳಿಬದಿ (ತೋರಣಗಲ್ಲು)

ಗನ್ನಿಗೆ ಬೇಡವೇ ಬೇಡ. ಎಷ್ಟು ಅರೆದ್ರೂ ಅದು ಕಲ್ಲಿನ ಪುಡಿ, ನಾಝಲ್ ಮತ್ತು ಸೂಜಿ ಎರಡನ್ನೂ ಉಜ್ಜಿ ಹಾಳು ಮಾಡುತ್ತೆ. ನೈಲಾನ್ ಬಟ್ಟೆಯಲ್ಲಿ ಎರಡು ಸಲ ಜರಡಿ ಹಿಡಿದು, ಮ್ಯಾಟ್ ವಾರ್ನಿಷ್ ಗನ್ನಲ್ಲಿ ಹೊಡೆದ ಮೇಲೆ ಒಣ ಕುಂಚದಲ್ಲಿ ಧೂಳನ್ನ ಸಂದಿಗೆ ಒತ್ತೋದು ನಾನು. ಹೆಮಟೈಟ್ ಅನ್ನೋ ಕಬ್ಬಿಣದ ಅದಿರು ತಾನೇ, ಬಣ್ಣ ಮಾಸಲ್ಲ.

ಭಾನುವಾರ ಬಳ್ಳಾರಿಗೆ ಬರೋ ಕೆಲಸ ಇದೆ. ವ್ಯಾಗನ್ನು, ಒಂದು ಡಬ್ಬಿ ಧೂಳು ಎರಡೂ ತರ್ತೀನಿ. ನಿಮ್ಮ ಬಾಲದ ಕೋಟ್‌ಗೆ ಕೈಜೋಡಿಸೋಣ. ಬೆಳಿಗ್ಗೆ ಆರಕ್ಕೆ ಮನೆ ಹತ್ತಿರ ಇರ್ತೀನಿ, ಟ್ಯಾಂಕಿನ ಕೆಳಗಿನ ತಿರುಪು ಬಿಚ್ಚಿ ರಾತ್ರಿಯೇ ನೀರು ತೆಗೆದಿಡಿ.